ಹಳೆಯ ಕಂಪ್ಯೂಟರ್‌ನ ಪರದೆ ಕಪ್ಪಾದರೆ ಮದರ್‌ಬೋರ್ಡ್ ಸುಟ್ಟಿದೆ ಎಂದರ್ಥವೇ?

"ತಮ್ಮಾ, ನಮ್ಮ ಸಿಸ್ಟಮ್ ಹೋತು ನೋಡಪಾ. ಫ್ಯಾನ್ ತಿರಗಾಕತ್ತೈತಿ, ಲೈಟೂ ಹತ್ತೈತಿ, ಆದ್ರ ಪರದೆ ಕರ್ರಗ ಐತಿ. ಮದರ್‌ಬೋರ್ಡ್ ಸುಟ್ಟೈತಿ, ಹೊಸಾದು ತಗೊಳ್ರಿ ಅಂತ ಹೇಳ್ಯಾರ. ಹಳೇದ್ದನ್ನ ಗುಜರಿಗೆ ಹಾಕಿಬಿಡ್ಲೇನು?"

ನಮ್ಮ ತಂಡದ ಒಬ್ಬರಿಗೆ ಯಲಬುರ್ಗಾದಿಂದ ಅವರ ಕಾಕಾ ಮಾಡಿದ ಫೋನ್ ಕರೆ ಇದು. ಕಾಕಾ ಅವರದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಬಾಡಿಗೆ ಕರಾರು, ಸ್ತ್ರೀಶಕ್ತಿ ಸಂಘದ ಲೆಕ್ಕ ಎಲ್ಲವೂ ಆ ಒಂದೇ ಕಂಪ್ಯೂಟರ್‌ನಲ್ಲಿ ಇದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ. ಅವರು ಗುಜರಿಗೆ ಹಾಕಲು ಹೊರಟದ್ದು ಬರೀ ಡಬ್ಬಿಯನ್ನಲ್ಲ, ಹನ್ನೆರಡು ವರ್ಷಗಳ ಕೆಲಸವನ್ನು.

ಪರದೆ ಕಪ್ಪಾದರೆ ಮದರ್‌ಬೋರ್ಡ್ ಹೋಯಿತು, ಅದರೊಂದಿಗೆ ಫೈಲುಗಳೂ ಹೋದವು ಎಂಬ ಮಾತು ನಿಜವೇ? ಈ ಲೇಖನದಲ್ಲಿ ನಾವು ಅದನ್ನು ಒಂದೊಂದಾಗಿ ಪರಿಶೀಲಿಸಿದ್ದೇವೆ.

ಚಿಕ್ಕ ಉತ್ತರ

ಇಲ್ಲ. ಕಪ್ಪು ಪರದೆ ಒಂದು ಲಕ್ಷಣ ಮಾತ್ರ. ಜ್ವರ ಬಂತೆಂದ ಮಾತ್ರಕ್ಕೆ ಇಂಥದ್ದೇ ರೋಗ ಎಂದು ಹೇಗೆ ಹೇಳಲಾಗದೋ ಇದೂ ಹಾಗೆಯೇ. ಸಡಿಲವಾದ ಕೇಬಲ್‌ನಿಂದ ಹಿಡಿದು ಧೂಳು ಹಿಡಿದ ರ‍್ಯಾಮ್‌ವರೆಗೆ, ಮರೆತು ಬಿಟ್ಟ ಪೆನ್‌ಡ್ರೈವ್‌ನಿಂದ ಹಿಡಿದು ಕೆಟ್ಟ ಎಸ್‌ಎಂಪಿಎಸ್‌ವರೆಗೆ ಹಲವು ಕಾರಣಗಳಿಂದ ಪರದೆ ಕಪ್ಪಾಗಬಹುದು. ಮದರ್‌ಬೋರ್ಡ್ ಕೆಡುವುದು ಅವುಗಳಲ್ಲಿ ಒಂದು ಕಾರಣವಷ್ಟೇ. ನಿಮ್ಮ ಫೈಲುಗಳು ಇರುವುದು ಹಾರ್ಡ್‌ಡಿಸ್ಕ್‌ನಲ್ಲಿ. ಪರದೆ ಕಪ್ಪಾದ ಮಾತ್ರಕ್ಕೆ ಅವು ಅಳಿಸಿಹೋಗುವುದಿಲ್ಲ.

ಹಳೆಯ ಕಂಪ್ಯೂಟರ್ ಇನ್ನೂ ಏಕೆ ಬೇಕು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪೇಟೆಗಳಲ್ಲಿ ಹತ್ತು ಹದಿನೈದು ವರ್ಷ ಹಳೆಯ ಡೆಸ್ಕ್‌ಟಾಪ್‌ಗಳು ಇಂದಿಗೂ ದುಡಿಯುತ್ತಿವೆ. ಜೆರಾಕ್ಸ್ ಅಂಗಡಿ, ಗೊಬ್ಬರದ ಅಂಗಡಿ, ಅಕ್ಕಿ ಗಿರಣಿಯ ಲೆಕ್ಕದ ಕೋಣೆ, ಟೈಪಿಂಗ್ ಸೆಂಟರ್ ಎಲ್ಲೆಡೆ ಅವು ಕಾಣುತ್ತವೆ. ಇದಕ್ಕೆ ಹಣದ ಜೊತೆಗೆ ಇನ್ನೊಂದು ಕಾರಣವೂ ಇದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಟೈಪ್ ಮಾಡಿ, ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವುದು ಸಣ್ಣ ಮುದ್ರಣಾಲಯಗಳ ರೂಢಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಆ ಕಾಲದ ತಂತ್ರಾಂಶ ಹೊಸ ಕಂಪ್ಯೂಟರ್‌ನಲ್ಲಿ ಸಲೀಸಾಗಿ ನಡೆಯದ ಕಾರಣ ಹಳೆಯ ಯಂತ್ರವನ್ನೇ ಜತನ ಮಾಡಿಕೊಂಡು ಬಂದವರು ಬಹಳ ಮಂದಿ.

ಹಾಗಾಗಿ "ಹಳೇದು ಬಿಡ್ರಿ, ಹೊಸಾದು ತಗೊಳ್ರಿ" ಎನ್ನುವುದು ಹೇಳಿದಷ್ಟು ಸುಲಭವಲ್ಲ. ಮೊದಲು ಆಗಿರುವುದೇನು ಎಂದು ತಿಳಿಯಬೇಕು.

ಪರದೆಗೆ ಚಿತ್ರ ಬರುವುದು ಹೇಗೆ?

ಹೊಲಕ್ಕೆ ನೀರು ಬರುವ ದಾರಿಯನ್ನು ನೆನಪಿಸಿಕೊಳ್ಳಿ. ಗಂಗಾವತಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯಿಂದ ವಿತರಣಾ ಕಾಲುವೆಗೆ, ಅಲ್ಲಿಂದ ಹೊಲಗಾಲುವೆಗೆ, ಕೊನೆಗೆ ಗದ್ದೆಗೆ ನೀರು ಹರಿಯುತ್ತದೆ. ಗದ್ದೆ ಒಣಗಿದರೆ ಜಲಾಶಯವೇ ಬತ್ತಿದೆ ಎಂದು ಯಾವ ರೈತನೂ ಹೇಳುವುದಿಲ್ಲ. ದಾರಿಯಲ್ಲಿ ಎಲ್ಲಿ ತಡೆಯಾಗಿದೆ ಎಂದು ನೋಡಿಕೊಂಡು ಹೋಗುತ್ತಾನೆ.

ಕಂಪ್ಯೂಟರ್‌ನಲ್ಲಿಯೂ ಇಂಥದ್ದೇ ಒಂದು ಸರಣಿ ಇದೆ. ಗೋಡೆಯ 230 ವೋಲ್ಟ್ ವಿದ್ಯುತ್ತನ್ನು ಎಸ್‌ಎಂಪಿಎಸ್ ಎಂಬ ಡಬ್ಬಿ 12, 5 ಮತ್ತು 3.3 ವೋಲ್ಟ್‌ಗೆ ಇಳಿಸಿ ಮದರ್‌ಬೋರ್ಡ್‌ಗೆ ಕೊಡುತ್ತದೆ. ಮದರ್‌ಬೋರ್ಡ್‌ನಲ್ಲಿರುವ ಬಯೋಸ್ ಎಂಬ ಪುಟ್ಟ ತಂತ್ರಾಂಶ ಎದ್ದು, ಪ್ರೊಸೆಸರ್, ರ‍್ಯಾಮ್, ಡಿಸ್‌ಪ್ಲೇ ಸರಿಯಾಗಿವೆಯೇ ಎಂದು ಹಾಜರಿ ಕರೆಯುತ್ತದೆ. ಎಲ್ಲವೂ "ಇದ್ದೇನೆ" ಎಂದ ಮೇಲೆಯೇ ಪರದೆಗೆ ಚಿತ್ರ ಹೋಗುತ್ತದೆ. ನಂತರ ಹಾರ್ಡ್‌ಡಿಸ್ಕ್‌ನಿಂದ ವಿಂಡೋಸ್ ತೆರೆದುಕೊಳ್ಳುತ್ತದೆ. ಈ ದಾರಿಯಲ್ಲಿ ಎಲ್ಲಿ ತಡೆಯಾದರೂ ಕೊನೆಯಲ್ಲಿ ಕಾಣುವುದು ಒಂದೇ: ಕಪ್ಪು ಪರದೆ.

ಫ್ಯಾನ್ ತಿರುಗುವುದಕ್ಕೆ 12 ವೋಲ್ಟ್ ಬಂದರೆ ಸಾಕು. ಆದ್ದರಿಂದ ಫ್ಯಾನ್ ತಿರುಗುತ್ತಿದೆ ಎಂದರೆ ಉಳಿದದ್ದೆಲ್ಲ ಸರಿಯಿದೆ ಎಂದೂ ಅಲ್ಲ, ಮದರ್‌ಬೋರ್ಡ್ ಸತ್ತಿದೆ ಎಂದೂ ಅಲ್ಲ.

ಶುರು ಮಾಡುವ ಮುನ್ನ ಎಚ್ಚರ

• ಕ್ಯಾಬಿನೆಟ್‌ನ ಮುಚ್ಚಳ ತೆಗೆಯುವ ಮೊದಲು ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಬದಿಗಿಡಿ. ಆಮೇಲೆ ಪವರ್ ಬಟನ್ ಅನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ ಬಹುಪಾಲು ಖಾಲಿಯಾಗುತ್ತದೆ.
• ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.
• ಹಳೆಯ ಟಿವಿಯಂತೆ ಹಿಂದೆ ಉಬ್ಬಿರುವ ಸಿಆರ್‌ಟಿ ಮಾನಿಟರ್ ಇದ್ದರೆ ಅದನ್ನು ತೆರೆಯಲೇಬೇಡಿ. ಅದರೊಳಗೆ 20,000 ವೋಲ್ಟ್‌ಗೂ ಹೆಚ್ಚಿನ ಒತ್ತಡ ಇರುತ್ತದೆ.
• ಸುಟ್ಟ ವಾಸನೆ, ಹೊಗೆ, ಕಿಡಿ ಕಂಡಿದ್ದರೆ ಮತ್ತೆ ಆನ್ ಮಾಡಬೇಡಿ. ನೇರವಾಗಿ ದುರಸ್ತಿ ಮಾಡುವವರಿಗೆ ತೋರಿಸಿ.
• ಏನನ್ನಾದರೂ ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಯಾವ ವೈರ್ ಎಲ್ಲಿತ್ತು ಎಂಬ ಗೊಂದಲ ಆಗ ಇರುವುದಿಲ್ಲ.

ಹಂತ 1: ಕಪ್ಪು ಎಂದರೆ ಎಂಥ ಕಪ್ಪು?

ಮೊದಲು ಪರದೆಯನ್ನೇ ಸರಿಯಾಗಿ ನೋಡಿ. ಎಲ್ಲ ಕಪ್ಪೂ ಒಂದೇ ಅಲ್ಲ.

ಏನೂ ಇಲ್ಲದ ಕಪ್ಪು: ಆನ್ ಮಾಡಿದಾಗಿನಿಂದ ಅಕ್ಷರವೂ ಇಲ್ಲ, ಕಂಪನಿಯ ಲೋಗೊ ಕೂಡ ಇಲ್ಲ. ಮಾನಿಟರ್, ಕೇಬಲ್, ರ‍್ಯಾಮ್, ಎಸ್‌ಎಂಪಿಎಸ್, ಮದರ್‌ಬೋರ್ಡ್ ಇವುಗಳಲ್ಲಿ ಒಂದರ ಸಮಸ್ಯೆ. ಕೆಳಗಿನ ಹಂತ 2ರಿಂದ 5ರವರೆಗೆ ನೋಡಿ.

ಬಿಳಿ ಅಕ್ಷರಗಳಿರುವ ಕಪ್ಪು: ಆಪರೇಟಿಂಗ್ ಸಿಸ್ಟಮ್ ಸಿಗುತ್ತಿಲ್ಲ, ಬೂಟ್ ಡಿಸ್ಕ್ ಇಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು ಕಂಡರೆ ಮಾನಿಟರ್, ರ‍್ಯಾಮ್ ಎಲ್ಲವೂ ಕೆಲಸ ಮಾಡುತ್ತಿವೆ ಎಂದರ್ಥ. ಗಾಬರಿಯಾಗುವ ಮುನ್ನ ಯುಎಸ್‌ಬಿ ಕಿಂಡಿಗಳನ್ನು ನೋಡಿ. ಗಿರಾಕಿ ಮರೆತು ಹೋದ ಪೆನ್‌ಡ್ರೈವ್ ಅಲ್ಲಿ ಸಿಕ್ಕಿಕೊಂಡಿದ್ದರೆ ಕಂಪ್ಯೂಟರ್ ವಿಂಡೋಸ್ ಅನ್ನು ಅದರಲ್ಲಿ ಹುಡುಕುತ್ತಾ ನಿಂತಿರಬಹುದು. ಕಿತ್ತು ಮತ್ತೆ ಆನ್ ಮಾಡಿ. ಆಗಲೂ ಅದೇ ಸಾಲು ಬಂದರೆ ಹಾರ್ಡ್‌ಡಿಸ್ಕ್‌ನ ಕೇಬಲ್ ಅಥವಾ ಹಾರ್ಡ್‌ಡಿಸ್ಕ್ ನೋಡಿಸಬೇಕು.

ಬಾಣದ ಗುರುತಿರುವ ಕಪ್ಪು: ವಿಂಡೋಸ್ ಲೋಗೊ ಬಂದು, ಆಮೇಲೆ ಕಪ್ಪಾಗಿ ಮೌಸ್‌ನ ಬಾಣ ಮಾತ್ರ ಓಡಾಡುತ್ತಿದ್ದರೆ ಅದು ವಿಂಡೋಸ್‌ನ ತೊಂದರೆ. ನೇರವಾಗಿ ಹಂತ 6ಕ್ಕೆ ಹೋಗಿ.

ಐಕಾನ್‌ಗಳಿರುವ ಕಪ್ಪು: ಐಕಾನ್‌ಗಳೆಲ್ಲ ಇವೆ, ಹಿಂದಿನ ಚಿತ್ರ ಮಾತ್ರ ಕಪ್ಪಾಗಿದೆ. ಇದು ಕೆಟ್ಟಿರುವುದೇ ಅಲ್ಲ. ನಕಲಿ ಪ್ರತಿ ಎಂದು ಗೊತ್ತಾದಾಗ ವಿಂಡೋಸ್ ಹೀಗೆ ಮಾಡುತ್ತದೆ. 2008ರಲ್ಲಿ ಮೈಕ್ರೋಸಾಫ್ಟ್ ನಕಲಿ ಎಕ್ಸ್‌ಪಿ ಇರುವ ಕಂಪ್ಯೂಟರ್‌ಗಳ ಹಿನ್ನೆಲೆಯನ್ನು ಗಂಟೆಗೊಮ್ಮೆ ಕಪ್ಪಾಗಿಸುವ ಕ್ರಮ ತಂದಿತ್ತು. ವಿಂಡೋಸ್ 7ರಲ್ಲೂ ಇದು ಮುಂದುವರಿಯಿತು. ಇದನ್ನು ವೈರಸ್ ಎಂದುಕೊಂಡು ಫಾರ್ಮ್ಯಾಟ್ ಮಾಡಿಸಿ ಫೈಲು ಕಳೆದುಕೊಳ್ಳಬೇಡಿ.

ಹಂತ 2: ಮಾನಿಟರ್ ಬದುಕಿದೆಯೇ?

ಮಾನಿಟರ್‌ನ ಪುಟ್ಟ ದೀಪ ನೋಡಿ. ದೀಪವೇ ಇಲ್ಲದಿದ್ದರೆ ಅದಕ್ಕೆ ಕರೆಂಟ್ ಬರುತ್ತಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸ್‌ನ ಆ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ಪರೀಕ್ಷಿಸಿ. ಸಾಕೆಟ್ ಸರಿಯಿದ್ದರೆ ಮಾನಿಟರ್‌ನ ಪವರ್ ಕೇಬಲ್ ಬದಲಿಸಿ ನೋಡಿ. ಡೆಸ್ಕ್‌ಟಾಪ್‌ಗಳಲ್ಲಿ ಸಿಪಿಯು ಡಬ್ಬಿಗೂ ಮಾನಿಟರ್‌ಗೂ ಸಾಮಾನ್ಯವಾಗಿ ಒಂದೇ ಬಗೆಯ ಪವರ್ ಕೇಬಲ್ ಇರುತ್ತದೆ.

ದೀಪವಿದ್ದು ಪರದೆ ಕಪ್ಪಾಗಿದ್ದರೆ ಮೂರು ಸುಲಭ ಪರೀಕ್ಷೆಗಳಿವೆ.

ಮೊದಲನೆಯದು, ಮಾನಿಟರ್ ಆನ್ ಇರುವಾಗಲೇ ಅದರ ಹಿಂದಿನ ಚಿತ್ರದ ಕೇಬಲ್ ಅನ್ನು ಕಿತ್ತು ನೋಡಿ. ಹೆಚ್ಚಿನ ಮಾನಿಟರ್‌ಗಳು ಆಗ "ಸಿಗ್ನಲ್ ಇಲ್ಲ" ಅಥವಾ "ಕೇಬಲ್ ನೋಡಿ" ಎಂಬ ಅರ್ಥದ ಇಂಗ್ಲಿಷ್ ಸಂದೇಶ ತೋರಿಸುತ್ತವೆ. ಆ ಸಂದೇಶ ಕಂಡರೆ ಮಾನಿಟರ್ ಸರಿಯಿದೆ.

ಎರಡನೆಯದು ಮೊಬೈಲ್ ಟಾರ್ಚ್ ಪರೀಕ್ಷೆ. ಕೋಣೆಯನ್ನು ಕತ್ತಲು ಮಾಡಿ, ಟಾರ್ಚ್ ಹಚ್ಚಿ ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಅಕ್ಷರ, ಐಕಾನ್ ಕಂಡರೆ ಚಿತ್ರ ಬರುತ್ತಿದೆ, ಅದನ್ನು ಬೆಳಗಿಸುವ ಹಿಂಬದಿಯ ದೀಪ ಮಾತ್ರ ಹೋಗಿದೆ. ಅಂದರೆ ಕಂಪ್ಯೂಟರ್‌ಗೆ ಏನೂ ಆಗಿಲ್ಲ, ಮಾನಿಟರ್ ಬದಲಿಸಿದರೆ ಮುಗಿಯಿತು. ಎಲ್‌ಸಿಡಿ, ಎಲ್‌ಇಡಿ ಎಂದು ಮಾರುವ ಚಪ್ಪಟೆ ಮಾನಿಟರ್‌ಗಳಿಗೆ ಈ ಪರೀಕ್ಷೆ ಅನ್ವಯಿಸುತ್ತದೆ.

ಮೂರನೆಯದು, ಮನೆಯ ಟಿವಿಗೆ ಅಥವಾ ಪಕ್ಕದ ಅಂಗಡಿಯ ಮಾನಿಟರ್‌ಗೆ ಜೋಡಿಸಿ ನೋಡುವುದು.

ಹಂತ 3: ಕೇಬಲ್ ಸರಿಯಾದ ಕಿಂಡಿಯಲ್ಲಿದೆಯೇ?

ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇರುವುದು ನೀಲಿ ಬಣ್ಣದ ವಿಜಿಎ ಕೇಬಲ್. 1987ರಲ್ಲಿ ಐಬಿಎಂ ತಂದ ಈ ವ್ಯವಸ್ಥೆಯ ಕನೆಕ್ಟರ್‌ನಲ್ಲಿ ಮೂರು ಸಾಲುಗಳಲ್ಲಿ 15 ಪಿನ್‌ಗಳ ಜಾಗವಿದೆ. ಒಂದೆರಡು ಪಿನ್ ತಯಾರಿಕೆಯಲ್ಲೇ ಇಲ್ಲದಿರಬಹುದು, ಅದು ದೋಷವಲ್ಲ. ಆದರೆ ಬಾಗಿದ ಪಿನ್ ದೋಷ. ಎರಡೂ ಬದಿಯ ತಿರುಪುಗಳನ್ನು ಬಿಗಿ ಮಾಡಿ.

ಇನ್ನೊಂದು ತಪ್ಪು ತುಂಬಾ ಸಾಮಾನ್ಯ. ಕೆಲವು ಕಂಪ್ಯೂಟರ್‌ಗಳಲ್ಲಿ ಚಿತ್ರದ ಕಿಂಡಿಗಳು ಎರಡು ಕಡೆ ಇರುತ್ತವೆ: ಮೌಸ್, ಕೀಬೋರ್ಡ್ ಸಿಕ್ಕಿಸುವ ಮದರ್‌ಬೋರ್ಡ್‌ನ ಭಾಗದಲ್ಲಿ ಒಂದು, ಅದರ ಕೆಳಗೆ ಪ್ರತ್ಯೇಕ ಡಿಸ್‌ಪ್ಲೇ ಕಾರ್ಡ್‌ನಲ್ಲಿ ಇನ್ನೊಂದು. ಕಾರ್ಡ್ ಇದ್ದರೆ ಕೇಬಲ್ ಕಾರ್ಡ್‌ಗೇ ಹೋಗಬೇಕು. ಮೇಲಿನ ಕಿಂಡಿ ಆಗ ಬಹುತೇಕ ಕೆಲಸ ಮಾಡುವುದಿಲ್ಲ. ಕಸ ಗುಡಿಸಲೆಂದು ಡಬ್ಬಿ ಸರಿಸಿ ಮತ್ತೆ ಜೋಡಿಸಿದ ದಿನವೇ ಪರದೆ ಕಪ್ಪಾಗಿದ್ದರೆ ಮೊದಲು ಇದನ್ನು ನೋಡಿ.

ಹಂತ 4: ಕಂಪ್ಯೂಟರ್ ಎದ್ದಿದೆಯೇ?

ಕೀಬೋರ್ಡ್‌ನ ನಮ್‌ಲಾಕ್ ಅಥವಾ ಕ್ಯಾಪ್ಸ್‌ಲಾಕ್ ಗುಂಡಿ ಒತ್ತಿ. ಅದರ ದೀಪ ಹತ್ತಿ, ಮತ್ತೆ ಒತ್ತಿದಾಗ ಆರಿದರೆ ಪರದೆ ಕಪ್ಪಾಗಿದ್ದರೂ ಕಂಪ್ಯೂಟರ್ ಎದ್ದಿದೆ. ತೊಂದರೆ ಹೆಚ್ಚಾಗಿ ಮಾನಿಟರ್, ಕೇಬಲ್ ಅಥವಾ ಡಿಸ್‌ಪ್ಲೇ ಕಾರ್ಡ್‌ನದು. ದೀಪ ಅಲುಗಾಡದಿದ್ದರೆ ಬಯೋಸ್‌ನ ಹಾಜರಿಯಲ್ಲಿ ಯಾರೋ ಗೈರಾಗಿದ್ದಾರೆ.

ಯಾರು ಗೈರು ಎಂಬುದನ್ನು ಕೆಲವು ಕಂಪ್ಯೂಟರ್‌ಗಳು ಬೀಪ್ ಶಬ್ದದ ಮೂಲಕ ತಾವೇ ಹೇಳುತ್ತವೆ. ಹಳೆಯ ಯಂತ್ರಗಳಲ್ಲಿ ಒಂದು ಚಿಕ್ಕ ಬೀಪ್ ಬಂದರೆ ಸಾಮಾನ್ಯವಾಗಿ ಎಲ್ಲ ಕ್ಷೇಮ. ಬಿಡದೆ ಬೀಪ್ ಬರುತ್ತಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಅವಾರ್ಡ್ ಬಯೋಸ್ ಇರುವ ಕಂಪ್ಯೂಟರ್‌ನಲ್ಲಿ ಒಂದು ಉದ್ದ, ಎರಡು ಚಿಕ್ಕ ಬೀಪ್ ಬಂದರೆ ಡಿಸ್‌ಪ್ಲೇ ಕಾರ್ಡ್‌ನ ದೋಷ. ಆದರೆ ಬೀಪ್‌ಗಳ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. "ಮೂರು ಬೀಪ್ ಬಂದರೆ ಇದೇ" ಎಂದು ಹೇಳುವ ಫಾರ್ವರ್ಡ್ ಎಲ್ಲ ಕಂಪ್ಯೂಟರ್‌ಗಳಿಗೂ ಹೊಂದುವುದಿಲ್ಲ. ನಿಮ್ಮ ಮದರ್‌ಬೋರ್ಡ್‌ನ ಮಾಡೆಲ್ ಹೆಸರು ಹಾಕಿ ಹುಡುಕಿ. ಒಳಗೆ ಪುಟ್ಟ ಸ್ಪೀಕರ್ ಇಲ್ಲದ ಕಂಪ್ಯೂಟರ್ ಬೀಪ್ ಮಾಡುವುದೇ ಇಲ್ಲ ಎಂಬುದೂ ನೆನಪಿರಲಿ.

ಯಲಬುರ್ಗಾದ ಕಾಕಾಗೆ ಫೋನ್‌ನಲ್ಲೇ ನಮ್‌ಲಾಕ್ ಒತ್ತಲು ಹೇಳಿದೆವು. "ಹತ್ತವಲ್ದು, ಆರವಲ್ದು, ಹಂಗ ಐತಿ" ಎಂದರು. ಬೀಪ್ ಕೂಡ ಇರಲಿಲ್ಲ. ಮಾನಿಟರ್ ಮಾತ್ರ ಸಿಗ್ನಲ್ ಇಲ್ಲ ಎಂದು ತೋರಿಸುತ್ತಿತ್ತು. ಅಂದರೆ ಹುಡುಕಬೇಕಾದ್ದು ಡಬ್ಬಿಯೊಳಗೆ.

ಹಂತ 5: ಡಬ್ಬಿಯೊಳಗೆ ನೋಡಬೇಕಾದ ನಾಲ್ಕು ಜಾಗಗಳು

ರ‍್ಯಾಮ್. ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಇದರಿಂದ ಮೈಮೇಲಿನ ಸ್ಥಿರ ವಿದ್ಯುತ್ ಇಳಿದುಹೋಗುತ್ತದೆ. ರ‍್ಯಾಮ್ ಪಟ್ಟಿಯ ಎರಡೂ ತುದಿಯ ಕ್ಲಿಪ್ ಸರಿಸಿ, ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ಹೊರತೆಗೆಯಿರಿ. ಒಣ ಬ್ರಷ್‌ನಿಂದ ಸ್ಲಾಟ್‌ನ ಧೂಳು ತೆಗೆದು, ಕ್ಲಿಪ್ "ಟಕ್" ಎನ್ನುವವರೆಗೆ ಮತ್ತೆ ಕೂರಿಸಿ. ಎರಡು ಪಟ್ಟಿಗಳಿದ್ದರೆ ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದನ್ನು. ಸ್ಲಾಟ್ ಬದಲಿಸಿಯೂ ನೋಡಿ. ಪ್ರತಿ ಸಲವೂ ಮೊದಲು ಪ್ಲಗ್ ಕೀಳಬೇಕು.

ಪವರ್ ಜೋಡಣೆಗಳು. ಮದರ್‌ಬೋರ್ಡ್‌ಗೆ ಹೋಗುವ ದೊಡ್ಡ 24 ಪಿನ್ ಕನೆಕ್ಟರ್ ಜೊತೆಗೆ ಪ್ರೊಸೆಸರ್‌ನ ಹತ್ತಿರ 4 ಪಿನ್‌ನ ಚಿಕ್ಕ ಕನೆಕ್ಟರ್ ಇರುತ್ತದೆ. ಇದು ಕಳಚಿದ್ದರೆ ಫ್ಯಾನ್‌ಗಳೆಲ್ಲ ತಿರುಗುತ್ತವೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಒಳಗೆ ಸ್ವಚ್ಛ ಮಾಡಿದ ಮೇಲೆ ಇದನ್ನು ಮರೆಯುವವರು ಹೆಚ್ಚು.

ಗುಂಡು ಬ್ಯಾಟರಿ. ನಾಣ್ಯದಂತಿರುವ ಸಿಆರ್2032 ಎಂಬ 3 ವೋಲ್ಟ್ ಬ್ಯಾಟರಿ ಬಯೋಸ್‌ನ ದಿನಾಂಕ, ಹೊಂದಾಣಿಕೆಗಳನ್ನು ನೆನಪಿಡುತ್ತದೆ. ಪ್ರತಿ ದಿನ ಕಂಪ್ಯೂಟರ್‌ನ ದಿನಾಂಕ ಹಳೆಯ ವರ್ಷಕ್ಕೆ ಹೋಗುತ್ತಿದ್ದರೆ ಇದು ಮುಗಿದಿದೆ. ಬ್ಯಾಟರಿ ಮುಗಿದ ಮಾತ್ರಕ್ಕೆ ಸಾಮಾನ್ಯವಾಗಿ ಪರದೆ ಕಪ್ಪಾಗುವುದಿಲ್ಲ. ಆದರೆ ಬಯೋಸ್‌ನ ಹೊಂದಾಣಿಕೆ ಕೆಟ್ಟಿದ್ದರೆ, ಪ್ಲಗ್ ಕಿತ್ತು ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿದಾಗ ಅದು ಮೊದಲಿನ ಸ್ಥಿತಿಗೆ ಮರಳುತ್ತದೆ. ತೆಗೆದ ಬ್ಯಾಟರಿ ಮಕ್ಕಳ ಕೈಗೆ ಸಿಗದಿರಲಿ. ಮಗು ಅದನ್ನು ನುಂಗಿದರೆ ಅನ್ನನಾಳ ಸುಡುತ್ತದೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಕೆಪಾಸಿಟರ್‌ಗಳು. ಮದರ್‌ಬೋರ್ಡ್ ಮೇಲೆ ನಿಂತಿರುವ ಪುಟ್ಟ ಡಬ್ಬಿಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ದ್ರವ ಸೋರಿದ್ದರೆ ಅವು ಕೆಟ್ಟಿವೆ. 2000ದ ದಶಕದ ಮೊದಲ ವರ್ಷಗಳಲ್ಲಿ ಕಳಪೆ ಕೆಪಾಸಿಟರ್‌ಗಳಿಂದಾಗಿ ಪ್ರಪಂಚದಾದ್ಯಂತ ಬಹಳಷ್ಟು ಮದರ್‌ಬೋರ್ಡ್‌ಗಳು ಹಾಳಾಗಿದ್ದವು. "ಮದರ್‌ಬೋರ್ಡ್ ಹೋಗಿದೆ" ಎಂಬ ಮಾತಿಗೆ ಕಣ್ಣಿಗೆ ಕಾಣುವ ಸಾಕ್ಷಿಗಳಲ್ಲಿ ಇದೊಂದು. ಇದನ್ನೂ ಕೆಪಾಸಿಟರ್ ಬದಲಿಸಿ ಸರಿಪಡಿಸುವವರು ಇದ್ದಾರೆ.

ಹಂತ 6: ವಿಂಡೋಸ್ ಬಂದು ಕಪ್ಪಾದರೆ

ಮೊದಲು ಕಾಯಿರಿ. ಹಳೆಯ ಹಾರ್ಡ್‌ಡಿಸ್ಕ್ ನಿಧಾನ. ಅಪ್‌ಡೇಟ್ ಮುಗಿಯಲು ಹತ್ತು ಹದಿನೈದು ನಿಮಿಷ ಬೇಕಾಗಬಹುದು. ಡಬ್ಬಿಯ ಮುಂಭಾಗದ ಹಾರ್ಡ್‌ಡಿಸ್ಕ್ ದೀಪ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ.

ಆಮೇಲೂ ಕಪ್ಪಾಗಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದರೆ ಫೈಲ್ ಮೆನುವಿನಲ್ಲಿ ಹೊಸ ಟಾಸ್ಕ್ ಆಯ್ದು, ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಐಕಾನ್‌ಗಳು ಮರಳಿ ಬರಬಹುದು. ವಿಂಡೋಸ್ 10 ಇದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಜೊತೆಗೆ ಬಿ ಅಕ್ಷರದ ಗುಂಡಿ ಒತ್ತಿದಾಗ ಡಿಸ್‌ಪ್ಲೇ ಡ್ರೈವರ್ ಮತ್ತೆ ಶುರುವಾಗುತ್ತದೆ.

ಅದೂ ಆಗದಿದ್ದರೆ ಸೇಫ್ ಮೋಡ್. ವಿಂಡೋಸ್ 7ರಲ್ಲಿ ಆನ್ ಮಾಡಿದ ಕೂಡಲೇ ಎಫ್8 ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರೆ ಪಟ್ಟಿ ಬರುತ್ತದೆ. ವಿಂಡೋಸ್ 10ರಲ್ಲಿ ಲೋಗೊ ಬರುವಾಗ ಪವರ್ ಬಟನ್ ಒತ್ತಿ ಆರಿಸುವುದನ್ನು ಎರಡು ಮೂರು ಬಾರಿ ಮಾಡಿದರೆ ದುರಸ್ತಿಯ ಪರದೆ ತಾನಾಗಿ ತೆರೆಯುತ್ತದೆ. ಇದನ್ನು ಕೊನೆಯ ಉಪಾಯವಾಗಿ ಮಾತ್ರ ಬಳಸಿ. ಸೇಫ್ ಮೋಡ್‌ನಲ್ಲಿ ಪರದೆ ಸರಿಯಾಗಿ ಬಂದರೆ ಇತ್ತೀಚೆಗೆ ಹಾಕಿದ ಡ್ರೈವರ್ ಅಥವಾ ತಂತ್ರಾಂಶವೇ ತಡೆ ಎಂದು ಅನುಮಾನಿಸಬಹುದು. ಅಲ್ಲೇ ಮುಖ್ಯ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ನಮ್ಮ ಭಾಗದ ಧೂಳು, ಬಿಸಿಲು, ಕರೆಂಟ್

ಕುಷ್ಟಗಿ, ಯಲಬುರ್ಗಾ ಕಡೆ ಬೇಸಿಗೆಯ ಗಾಳಿಯೊಂದಿಗೆ ಹೊಲದ ಮಣ್ಣು ಅಂಗಡಿಯೊಳಗೇ ಬರುತ್ತದೆ. ಗಂಗಾವತಿಯ ಗಿರಣಿಗಳ ಸುತ್ತ ಭತ್ತದ ಹೊಟ್ಟಿನ ಪುಡಿ. ಕೊಪ್ಪಳದ ಗಿಣಿಗೇರಾ ಸುತ್ತಮುತ್ತ ಕಾರ್ಖಾನೆಗಳ ಕಪ್ಪು ಧೂಳು. ಈ ಧೂಳು ಫ್ಯಾನ್‌ಗೂ ಅದರಡಿಯ ಲೋಹದ ಹೀಟ್‌ಸಿಂಕ್‌ಗೂ ಕಂಬಳಿ ಹೊದಿಸಿದಂತೆ ಕೂರುತ್ತದೆ. ಆಗ ಪ್ರೊಸೆಸರ್ ಕಾದು, ತನ್ನನ್ನು ಉಳಿಸಿಕೊಳ್ಳಲು ಕಂಪ್ಯೂಟರ್ ತಾನೇ ಆರುತ್ತದೆ. ಅರ್ಧ ಗಂಟೆ ಚೆನ್ನಾಗಿ ನಡೆದು ಆಮೇಲೆ ಆರಿದರೆ ಮೊದಲು ಅನುಮಾನಿಸಬೇಕಾದ್ದು ಬಿಸಿಯನ್ನು. ಕಬ್ಬಿಣ, ಇದ್ದಿಲಿನ ಅಂಶವಿರುವ ಧೂಳು ವಿದ್ಯುತ್ತನ್ನೂ ಹರಿಸಬಲ್ಲದು, ತೇವ ಸೇರಿದರೆ ಅಪಾಯ ಹೆಚ್ಚು.

ಕೆಲವು ತಿಂಗಳಿಗೊಮ್ಮೆ ಬ್ಲೋವರ್ ಅಥವಾ ಒಣ ಬ್ರಷ್‌ನಿಂದ ಧೂಳು ತೆಗೆಸಿ. ಬ್ಲೋವರ್ ಹಿಡಿದಾಗ ಫ್ಯಾನ್ ಗಿರಗಿರನೆ ತಿರುಗದಂತೆ ಬೆರಳಿನಿಂದ ತಡೆಹಿಡಿಯಿರಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಸೇರುತ್ತದೆ. ಡಬ್ಬಿಯನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿಡಿ.

ಕರೆಂಟ್ ಹೋದಾಗ ಕಂಪ್ಯೂಟರ್‌ನ ಸ್ವಿಚ್ ಆರಿಸಿ. ಮರಳಿ ಬರುವ ಕ್ಷಣದಲ್ಲಿ ವೋಲ್ಟೇಜ್ ಏರಿಳಿಯಬಹುದು, ಆದ್ದರಿಂದ ಎರಡು ಮೂರು ನಿಮಿಷ ಬಿಟ್ಟು ಆನ್ ಮಾಡಿ. ಮುಂಗಾರಿಗೆ ಮುನ್ನ ಗುಡುಗು ಮಿಂಚು ಶುರುವಾದರೆ ಪ್ಲಗ್ ಕಿತ್ತಿಡಿ, ಇಂಟರ್‌ನೆಟ್‌ನ ವೈರನ್ನೂ ಬಿಡಿಸಿ. ಮೂರು ಪಿನ್‌ನ ಪ್ಲಗ್‌ನ ದಪ್ಪ ಪಿನ್ ಅರ್ಥಿಂಗ್‌ನದು, ಅದನ್ನು ಕತ್ತರಿಸಿ ಎರಡು ಪಿನ್ ಸಾಕೆಟ್‌ಗೆ ಹಾಕಬೇಡಿ.

ಕೇಳಿಬರುವ ಮಾತುಗಳು, ಅವುಗಳ ನಿಜಾಂಶ

"ರ‍್ಯಾಮ್ ಅನ್ನು ರಬ್ಬರ್‌ನಿಂದ ಉಜ್ಜಿದರೆ ಸಾಕು, ಎಲ್ಲ ಸರಿಹೋಗುತ್ತದೆ." ಅರ್ಧ ನಿಜ. ರ‍್ಯಾಮ್‌ನ ಚಿನ್ನದ ಬಣ್ಣದ ಅಂಚಿನಲ್ಲಿ ಕಿಲುಬು, ಜಿಡ್ಡು ಕೂತಿದ್ದರೆ ಮೆತ್ತನೆಯ ಪೆನ್ಸಿಲ್ ರಬ್ಬರ್ ಅದನ್ನು ತೆಗೆಯುತ್ತದೆ. ಆದರೆ ಎಷ್ಟೋ ಸಲ ಗುಣವಾಗುವುದು ಉಜ್ಜಿದ್ದರಿಂದಲ್ಲ, ಕಿತ್ತು ಮತ್ತೆ ಸರಿಯಾಗಿ ಕೂರಿಸಿದ್ದರಿಂದ. ಪೆನ್ನಿನ ಗಟ್ಟಿ ರಬ್ಬರ್ ಬಳಸಿದರೆ ಚಿನ್ನದ ತೆಳು ಲೇಪವೇ ಸವೆಯುತ್ತದೆ. ಉಜ್ಜಿದ ಪುಡಿ ಮದರ್‌ಬೋರ್ಡ್ ಮೇಲೆ ಬೀಳಬಾರದು.

"ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿದರೆ ಯಾವ ಕಪ್ಪು ಪರದೆಯೂ ಸರಿಯಾಗುತ್ತದೆ." ಅರ್ಧ ನಿಜ. ಉಳಿದ ವಿದ್ಯುತ್ ಖಾಲಿಯಾಗಿ ಸಿಕ್ಕಿಕೊಂಡ ಯಂತ್ರ ಎದ್ದೇಳಬಹುದು. ಕೆಟ್ಟ ರ‍್ಯಾಮ್, ಸತ್ತ ಎಸ್‌ಎಂಪಿಎಸ್ ಇದರಿಂದ ಸರಿಯಾಗುವುದಿಲ್ಲ. ಪ್ಲಗ್ ಕಿತ್ತು ಮಾಡಿದರೆ ಮಾತ್ರ ಉಪಯೋಗ.

"ಕಪ್ಪು ಪರದೆ ಎಂದರೆ ವೈರಸ್." ಬಹುತೇಕ ಸುಳ್ಳು. ಆನ್ ಮಾಡಿದ ಕ್ಷಣದಿಂದಲೇ ಕಪ್ಪಾಗಿದ್ದರೆ ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ. ಸಾಮಾನ್ಯ ವೈರಸ್‌ಗಳು ಓಡುವುದು ವಿಂಡೋಸ್ ಶುರುವಾದ ಮೇಲೆ.

"ನೀರು ಬಿದ್ದಿದ್ದರೆ ಅಕ್ಕಿಯಲ್ಲಿ ಇಡಿ." ಸುಳ್ಳು. ಭತ್ತದ ನಾಡಾದ ಗಂಗಾವತಿಯಲ್ಲಿ ಅಕ್ಕಿಗೆ ಬರವಿಲ್ಲ, ಆದರೆ ಅಕ್ಕಿ ಅನ್ನಕ್ಕೇ ಇರಲಿ. ಅಕ್ಕಿಯ ಪುಡಿ, ಚೂರು ಒಳಗೆ ಸೇರಿ ಹಾನಿ ಮಾಡಬಹುದು ಎಂದು ಆ್ಯಪಲ್ ಕಂಪನಿ ತನ್ನ ಫೋನ್‌ಗಳ ಬಗ್ಗೆಯೇ ಹೇಳಿದೆ. ಪ್ಲಗ್ ಕಿತ್ತು, ಬಿಚ್ಚಿ, ಗಾಳಿಯಾಡುವ ಕಡೆ ಪೂರ್ತಿ ಒಣಗಿಸುವುದೇ ಸರಿ.

"ವಿಂಡೋಸ್ 7ರ ಕಾಲ ಮುಗಿದಿದ್ದಕ್ಕೆ ಕಂಪ್ಯೂಟರ್ ಕಪ್ಪಾಗುತ್ತಿದೆ." ಸುಳ್ಳು. ವಿಂಡೋಸ್ 7ಕ್ಕೆ 14 ಜನವರಿ 2020ರಂದು, ವಿಂಡೋಸ್ 10ಕ್ಕೆ 14 ಅಕ್ಟೋಬರ್ 2025ರಂದು ಮೈಕ್ರೋಸಾಫ್ಟ್ ಬೆಂಬಲ ಮುಗಿದಿದೆ. ಬೆಂಬಲ ಮುಗಿದರೆ ಭದ್ರತಾ ಅಪ್‌ಡೇಟ್ ನಿಲ್ಲುತ್ತವೆ, ಕಂಪ್ಯೂಟರ್ ನಿಲ್ಲುವುದಿಲ್ಲ. ಆದರೆ ಅಂಥ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ.

ಫೈಲುಗಳನ್ನು ಉಳಿಸಿಕೊಳ್ಳುವುದು

ನಿಜವಾಗಿಯೂ ಮದರ್‌ಬೋರ್ಡ್ ಹೋಗಿದೆ ಎಂದೇ ಇಟ್ಟುಕೊಳ್ಳಿ. ಆಗಲೂ ಹಾರ್ಡ್‌ಡಿಸ್ಕ್ ಬಿಚ್ಚಿ, ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಮೂಲಕ ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ಫೈಲುಗಳನ್ನು ತೆಗೆದುಕೊಳ್ಳಬಹುದು. ದುರಸ್ತಿಗೆ ಕೊಡುವಾಗ "ಫಾರ್ಮ್ಯಾಟ್ ಮಾಡಬ್ಯಾಡ್ರಿ, ಮೊದಲು ಡೇಟಾ ಕಾಪಿ ಮಾಡಿಕೊಡ್ರಿ" ಎಂದು ಸ್ಪಷ್ಟವಾಗಿ ಹೇಳಿ, ರಸೀದಿಯ ಮೇಲೂ ಬರೆಸಿ. ಹಾರ್ಡ್‌ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ, ಇದ್ದ ಅವಕಾಶವೂ ಹೋಗುತ್ತದೆ.

ಇಲ್ಲಿ ಕನ್ನಡದ್ದೇ ಆದ ಇನ್ನೊಂದು ತಪ್ಪುಕಲ್ಪನೆ ಇದೆ. ಹಳೆಯ ನುಡಿ ಫೈಲನ್ನು ಹೊಸ ಕಂಪ್ಯೂಟರ್‌ನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಂಡರೆ "ಫೈಲ್ ಕೆಟ್ಟಿದೆ" ಎಂದು ಅಳಿಸಿಬಿಡುತ್ತಾರೆ. ಫೈಲ್ ಕೆಟ್ಟಿಲ್ಲ, ಆ ಕಂಪ್ಯೂಟರ್‌ನಲ್ಲಿ ನುಡಿಯ ಫಾಂಟ್ ಇಲ್ಲ ಅಷ್ಟೇ. ಫಾಂಟ್ ಹಾಕಿದರೆ ಕನ್ನಡ ಮರಳಿ ಬರುತ್ತದೆ. ಹಳೆಯ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳೂ ಉಚಿತವಾಗಿ ಸಿಗುತ್ತವೆ.

ಸಹಾಯದ ಹೆಸರಿನ ಮೋಸ

ಕಂಪ್ಯೂಟರ್ ಕೆಟ್ಟಾಗ ಗಾಬರಿಯಲ್ಲಿ ಮೊಬೈಲ್‌ನಲ್ಲಿ "ಕಸ್ಟಮರ್ ಕೇರ್ ನಂಬರ್" ಹುಡುಕುವುದು ಸಹಜ. ಅಲ್ಲಿ ಸಿಗುವ ನಂಬರ್‌ಗಳಲ್ಲಿ ಮೋಸಗಾರರದ್ದೂ ಇರುತ್ತವೆ. ಮೈಕ್ರೋಸಾಫ್ಟ್‌ನ ನಿಜವಾದ ದೋಷ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಯಾರಾದರೂ ಮೊಬೈಲ್‌ಗೆ ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ, 10 ರೂಪಾಯಿ ಕಳಿಸಿ ಎಂದರೆ ಫೋನ್ ಇಡಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ.

ಗುಜರಿಗೆ ಹಾಕುವ ಮುನ್ನ

ಹಳೆಯ ಸಿಆರ್‌ಟಿ ಮಾನಿಟರ್‌ನ ಗಾಜಿನಲ್ಲಿ, ಮದರ್‌ಬೋರ್ಡ್‌ನ ಬೆಸುಗೆಯಲ್ಲಿ ಸೀಸ ಇರುತ್ತದೆ. ಒಡೆದರೆ, ಸುಟ್ಟರೆ ಅದು ಮಣ್ಣು, ಗಾಳಿಗೆ ಸೇರುತ್ತದೆ. 1 ಏಪ್ರಿಲ್ 2023ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ಕೊಡುವ ಮುನ್ನ ಹಾರ್ಡ್‌ಡಿಸ್ಕ್ ಬಿಚ್ಚಿಟ್ಟುಕೊಳ್ಳಿ. ಅದರಲ್ಲಿ ನಿಮ್ಮದಷ್ಟೇ ಅಲ್ಲ, ಗಿರಾಕಿಗಳ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್‌ನ ಪ್ರತಿಗಳೂ ಇರಬಹುದು.

ನಮ್ಮ ತೀರ್ಮಾನ

"ಪರದೆ ಕಪ್ಪಾದರೆ ಮದರ್‌ಬೋರ್ಡ್ ಸುಟ್ಟಿದೆ" ಎಂಬ ಮಾತು ತಪ್ಪು. ಮಾನಿಟರ್‌ನ ದೀಪ, ಕೇಬಲ್, ನಮ್‌ಲಾಕ್, ರ‍್ಯಾಮ್ ಇಷ್ಟನ್ನು ಕ್ರಮವಾಗಿ ನೋಡದೆ ಯಾರೂ ಹಾಗೆ ಹೇಳಲು ಬರುವುದಿಲ್ಲ. ಹಾಗೆ ಹೇಳಿದವರನ್ನು "ಹೆಂಗ ಗೊತ್ತಾತ್ರಿ? ಬೇರೆ ರ‍್ಯಾಮ್ ಹಾಕಿ ನೋಡೀರೇನು? ಬೇರೆ ಎಸ್‌ಎಂಪಿಎಸ್ ಹಚ್ಚಿ ನೋಡೀರೇನು?" ಎಂದು ಕೇಳಿ. ಪರೀಕ್ಷೆ ಮಾಡಿದವರು ಉತ್ತರ ಕೊಡುತ್ತಾರೆ.

ಯಲಬುರ್ಗಾದ ಕಾಕಾ ಫೋನ್ ಅನ್ನು ಸ್ಪೀಕರ್‌ಗೆ ಹಾಕಿ, ನಾವು ಹೇಳಿದಂತೆ ಎರಡೂ ರ‍್ಯಾಮ್ ಪಟ್ಟಿ ತೆಗೆದು ಧೂಳು ಒರೆಸಿದರು. ಮೊದಲ ಪಟ್ಟಿ ಹಾಕಿದಾಗ ಮತ್ತೆ ಕಪ್ಪೇ. ಅದನ್ನು ತೆಗೆದು ಎರಡನೆಯದನ್ನು ಹಾಕಿದಾಗ ಒಂದು ಕ್ಷಣ ಬಿಟ್ಟು, "ಬಂತು ಬಂತು, ಅಕ್ಷರಾ ಬಂತು!" ಎಂದು ಕೂಗಿದರು. ಕೆಟ್ಟಿದ್ದು ಒಂದು ರ‍್ಯಾಮ್ ಪಟ್ಟಿ ಮಾತ್ರ. ಅವರು ಅಂದು ಸಂಜೆ ಮಾಡಿದ ಮೊದಲ ಕೆಲಸ, ಹನ್ನೆರಡು ವರ್ಷದ ಫೈಲುಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿದ್ದು.

ನಿಮ್ಮ ಕಂಪ್ಯೂಟರ್‌ನ ಪರದೆ ಇಂದು ಚೆನ್ನಾಗಿಯೇ ಬೆಳಗುತ್ತಿದ್ದರೆ ಆ ಕೆಲಸವನ್ನು ಇಂದೇ ಮಾಡಿ. ಹಳೆಯ ಡೆಸ್ಕ್‌ಟಾಪ್ ನಂಬಿ ಅಂಗಡಿ ನಡೆಸುವವರು ನಿಮಗೆ ಗೊತ್ತಿದ್ದರೆ ಈ ಲೇಖನವನ್ನು ಅವರಿಗೂ ಕಳುಹಿಸಿ.